ಜರ್ಮನಿಗೆ ಓದಲು ಹೊರಟವರ ವೀಸಾ: ಅಂಕಪಟ್ಟಿಯ ಹೆಸರಿನಿಂದಲೇ ಶುರು

‘ಪ್ರವೇಶಪತ್ರ ಬರಲಿ, ವೀಸಾ ಆಮೇಲೆ ನೋಡಿಕೊಳ್ಳೋಣ.’ ಜರ್ಮನಿಗೆ ಓದಲು ಹೊರಟ ಬಹಳಷ್ಟು ಮಕ್ಕಳೂ ಅವರ ತಂದೆತಾಯಿಯೂ ಹೀಗೆಯೇ ಲೆಕ್ಕ ಹಾಕುತ್ತಾರೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಇಷ್ಟು ಎಂದು ಸಣ್ಣ ಮೊತ್ತ ಕಟ್ಟಿದರೆ ಸಾಕು ಎಂಬುದು ಈಗ ಹಾವೇರಿ, ಹಾಸನದ ಮನೆಗಳಿಗೂ ಗೊತ್ತು. ಗೊತ್ತಿಲ್ಲದಿರುವುದು ಕಾಗದಪತ್ರಗಳ ಸರದಿ. ವೀಸಾ ಅಧಿಕಾರಿಯ ಮೇಜಿಗೆ ಹೋಗುವ ಕಡತದಲ್ಲಿ ಪ್ರತಿಯೊಂದು ಕಾಗದವೂ ಅದರ ಹಿಂದಿನ ಕಾಗದದ ಮೇಲೆ ನಿಂತಿರುತ್ತದೆ. ಒಂದರಲ್ಲಿ ಹೆಸರು ಬೇರೆಯಾದರೆ, ಇನ್ನೊಂದು ತಡವಾದರೆ, ಮುಂದಿನದೆಲ್ಲ ನಿಲ್ಲುತ್ತದೆ. ಆದ್ದರಿಂದ ಹೊರಡುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಕೆಲಸ ಶುರುವಾಗಬೇಕು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ವಿದ್ಯಾರ್ಥಿ ತಾನೇ ಮಾಡಲಾಗದ ಕೆಲಸ ಒಂದೂ ಇಲ್ಲ.

ಮೊದಲು ಹೆಸರು

ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಬರೆಯುವುದು ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.ಆರ್.’, ಪಿಯುಸಿಯಲ್ಲಿ ‘ಕೆ.ಆರ್. ಮಂಜುನಾಥ್’, ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದ ಇನ್ನೊಂದು ರೂಪ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಕುಟುಂಬದ ಹೆಸರು ಎಲ್ಲರಿಗೂ ಇದ್ದೇ ಇರುತ್ತದೆ ಎಂದು ನಂಬಿರುವ ಜರ್ಮನ್ ಅರ್ಜಿ ನಮೂನೆಗಳು ಆ ಖಾಲಿ ಜಾಗದಲ್ಲಿ ತಡವರಿಸುತ್ತವೆ.

ಪ್ರವೇಶಪತ್ರ, ಬ್ಯಾಂಕ್ ಖಾತೆ, ವಿಮೆ, ವೀಸಾ ಎಲ್ಲವೂ ಪಾಸ್‌ಪೋರ್ಟಿನ ಹೆಸರನ್ನೇ ಅನುಸರಿಸುತ್ತವೆ. ಹಾಗಾಗಿ ಪಾಸ್‌ಪೋರ್ಟನ್ನು ಮೊದಲು ಸರಿಮಾಡಿಸಿ. ಸರ್‌ನೇಮ್ ಸೇರಿಸುವುದಿದ್ದರೆ ಈಗಲೇ ಸೇರಿಸಿ. ಅರ್ಜಿಗಳೆಲ್ಲ ಹೋದ ಮೇಲೆ ಸೇರಿಸಿದರೆ ಹಳೆಯ ಕಾಗದಗಳೆಲ್ಲ ಬೇರೆಯವರದ್ದಾಗಿ ಕಾಣುತ್ತವೆ. ಇನಿಷಿಯಲ್ ಬಿಡಿಸಿ ಬರೆದದ್ದಷ್ಟೇ ವ್ಯತ್ಯಾಸವಾದರೆ, ಎರಡೂ ಹೆಸರು ಒಬ್ಬರದ್ದೇ ಎಂಬ ನೋಟರಿ ಪ್ರಮಾಣಪತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಅಕ್ಷರವೇ ತಪ್ಪಿದ್ದರೆ, ಹುಟ್ಟಿದ ದಿನಾಂಕ ಬೇರೆಯಿದ್ದರೆ, ಪ್ರಮಾಣಪತ್ರದ ಆಸರೆ ಸಾಲದು. ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ತಿದ್ದುಪಡಿ ಅರ್ಜಿ ಹೋಗಬೇಕು. ಅದಕ್ಕೆ ತಿಂಗಳುಗಳು ಹಿಡಿಯಬಹುದು.

ಯಾರು ಯಾವುದಕ್ಕೆ ಅರ್ಹರು

ನಾಲ್ಕು ವರ್ಷದ ಬಿ.ಇ. ಮುಗಿಸಿದವರಿಗೆ ಮಾಸ್ಟರ್ಸ್ ದಾರಿ ಹೆಚ್ಚುಕಡಿಮೆ ನೇರ. ಮೂರು ವರ್ಷದ ಪದವಿಯವರು ತಾವು ಆರಿಸಿದ ಕೋರ್ಸ್ ಎಷ್ಟು ಕ್ರೆಡಿಟ್ ಕೇಳುತ್ತದೆ ಎಂದು ನೋಡಿಕೊಂಡೇ ಮುಂದುವರಿಯಬೇಕು. ಪಿಯುಸಿ ಮುಗಿಸಿದ ಕೂಡಲೇ ಪದವಿಗೆ ಹೋಗುತ್ತೇವೆ ಎನ್ನುವವರಿಗೆ ಮಾತ್ರ ಬಾಗಿಲು ಕಿರಿದು. ಜೆಇಇ ಅಡ್ವಾನ್ಸ್ಡ್ ಪಾಸಾದವರಿಗೆ ತಾಂತ್ರಿಕ ಮತ್ತು ವಿಜ್ಞಾನ ವಿಷಯಗಳಲ್ಲಿ ನೇರ ಅವಕಾಶವಿದೆ. ಉಳಿದವರು ಇಲ್ಲಿನ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷವನ್ನು ಯಶಸ್ವಿಯಾಗಿ ಮುಗಿಸಿರಬೇಕು, ಇಲ್ಲವೇ ಅಲ್ಲಿ ಹೋಗಿ ಸ್ಟುಡಿಯನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ತರಗತಿಯಲ್ಲಿ ಕಲಿತು ಪರೀಕ್ಷೆ ಪಾಸಾಗಬೇಕು. ಯಾವ ಪ್ರಮಾಣಪತ್ರಕ್ಕೆ ಯಾವ ಬೆಲೆ, ಯಾವ ಕಾಲೇಜಿಗೆ ಮಾನ್ಯತೆ ಎಂಬುದನ್ನೆಲ್ಲ ‘ಅನಾಬಿನ್’ ಎಂಬ ಜರ್ಮನ್ ಸರ್ಕಾರಿ ದತ್ತಕೋಶದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನಿಮ್ಮ ವಿಶ್ವವಿದ್ಯಾಲಯದ ಮುಂದೆ ‘ಎಚ್ ಪ್ಲಸ್’ ಎಂದಿದ್ದರೆ ಮಾನ್ಯತೆ ಇದೆ ಎಂದರ್ಥ.

ಎಪಿಎಸ್ ಪ್ರಮಾಣಪತ್ರ

2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳು ವೀಸಾ ಅರ್ಜಿಗೆ ಮುಂಚೆ ಎಪಿಎಸ್ ಪ್ರಮಾಣಪತ್ರ ಪಡೆಯುವುದು ಕಡ್ಡಾಯವಾಗಿದೆ. ದೆಹಲಿಯಲ್ಲಿರುವ ಈ ಶೈಕ್ಷಣಿಕ ಪರಿಶೀಲನಾ ಘಟಕ ನಿಮ್ಮ ಅಂಕಪಟ್ಟಿಗಳು ಅಸಲಿಯೇ, ನಿಮ್ಮ ಓದು ಜರ್ಮನಿಯ ಪ್ರವೇಶಕ್ಕೆ ಸಾಲುತ್ತದೆಯೇ ಎಂದು ನೋಡಿ ಪ್ರಮಾಣಪತ್ರ ಕೊಡುತ್ತದೆ. ಶುಲ್ಕ 18,000 ರೂಪಾಯಿ. ಪಿಎಚ್.ಡಿ.ಗೆ ಹೋಗುವವರಂಥ ಕೆಲವರಿಗೆ ವಿನಾಯಿತಿ ಇದೆ.

ಎಸ್ಸೆಸ್ಸೆಲ್ಸಿಯಿಂದ ಹಿಡಿದು ಪದವಿಯ ಪ್ರತಿ ಸೆಮಿಸ್ಟರಿನ ಅಂಕಪಟ್ಟಿವರೆಗೆ ಎಲ್ಲವನ್ನೂ ಕೊಡಿ. ಬ್ಯಾಕ್‌ಲಾಗ್ ಇದ್ದರೆ ಫೇಲಾದ ಅಂಕಪಟ್ಟಿಯನ್ನೂ ಸೇರಿಸಿ, ಬಚ್ಚಿಡಬೇಡಿ. ಬ್ಯಾಕ್‌ಲಾಗ್ ಇತ್ತೆಂಬ ಒಂದೇ ಕಾರಣಕ್ಕೆ ದಾರಿ ಮುಚ್ಚುವುದಿಲ್ಲ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮಾತ್ರ ನಿಮ್ಮ ಇಡೀ ಕಡತದ ಮೇಲೆ ಅನುಮಾನ ಬೀಳುತ್ತದೆ. ಪರಿಶೀಲನೆಗೆ ವಾರಗಟ್ಟಲೆ ಬೇಕು, ಪ್ರವೇಶ ಪರ್ವದಲ್ಲಿ ಇನ್ನೂ ಹೆಚ್ಚು. ಅನೇಕ ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಯ ಜೊತೆಗೇ ಇದನ್ನು ಕೇಳುವುದರಿಂದ ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಿಬಿಡಿ. ವಿಟಿಯು ವಿದ್ಯಾರ್ಥಿಗಳು ಘಟಿಕೋತ್ಸವಕ್ಕೆ ಕಾಯದೆ, ಫಲಿತಾಂಶ ಬಂದ ಕೂಡಲೇ ತಾತ್ಕಾಲಿಕ ಪದವಿ ಪ್ರಮಾಣಪತ್ರ ಮತ್ತು ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಕೊಡುವುದು ಜಾಣತನ.

ಪ್ರವೇಶಪತ್ರ

ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ, ಬೇಸಿಗೆಯದು ಏಪ್ರಿಲ್‌ನಲ್ಲಿ ಶುರು. ಜುಲೈ 15 ಮತ್ತು ಜನವರಿ 15 ಸಾಮಾನ್ಯ ಗಡುವುಗಳೆಂದು ಎಲ್ಲ ಕಡೆ ಬರೆದಿರುತ್ತದೆ. ಅದನ್ನು ನಂಬಿ ಕೂರಬೇಡಿ: ಇಂಗ್ಲಿಷಿನಲ್ಲಿ ನಡೆಯುವ ಎಷ್ಟೋ ಮಾಸ್ಟರ್ಸ್ ಕೋರ್ಸ್‌ಗಳು ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನು ತಿಂಗಳುಗಳ ಮುಂಚೆಯೇ ಮುಗಿಸುತ್ತವೆ. ಕೋರ್ಸ್ ಹುಡುಕಲು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಜಾಲತಾಣವಿದೆ, ಉಚಿತ. ಹಲವು ವಿಶ್ವವಿದ್ಯಾಲಯಗಳು ‘ಯೂನಿ ಅಸಿಸ್ಟ್’ ಎಂಬ ಸಾಮಾನ್ಯ ಅರ್ಜಿ ಸೇವೆಯ ಮೂಲಕ ಅರ್ಜಿ ಪಡೆಯುತ್ತವೆ. ಒಂದು ಸೆಮಿಸ್ಟರಿನ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಪ್ರತಿಯೊಂದಕ್ಕೆ 30 ಯೂರೋ.

ಅಲ್ಲಿ 1.0 ಅತ್ಯುತ್ತಮ ದರ್ಜೆ, 4.0 ಪಾಸಾಗುವ ಅಂಚು. ನಮ್ಮ ಅಂಕವನ್ನು ಇದಕ್ಕೆ ಇಳಿಸುವ ಸೂತ್ರ ಹೀಗಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸಾಗುವ ಅಂಕದ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿ. 10ಕ್ಕೆ 8 ಸಿಜಿಪಿಎ, ಪಾಸಾಗಲು 4 ಎಂದಾದರೆ 2.0 ಬರುತ್ತದೆ. ಪಾಸಾಗಲು 5 ಎಂದು ಹಿಡಿದರೆ ಅದೇ ಅಂಕ 2.2 ಆಗುತ್ತದೆ. ಕೋರ್ಸ್ 2.0 ಕೇಳುತ್ತಿದ್ದರೆ ಈ ಚೂರು ವ್ಯತ್ಯಾಸವೇ ನಿಮ್ಮನ್ನು ಒಳಗೆ ಬಿಡುತ್ತದೆ ಅಥವಾ ಹೊರಗಿಡುತ್ತದೆ. ಅಂಕಪಟ್ಟಿಯ ಹಿಂದೆ ಪಾಸಾಗುವ ಅಂಕ ಮುದ್ರಿತವಾಗಿಲ್ಲದಿದ್ದರೆ ಕಾಲೇಜಿನಿಂದ ಬರೆಸಿಕೊಳ್ಳಿ.

ಶುಲ್ಕವಿಲ್ಲ ಎಂಬ ಮಾತಿಗೂ ಅಪವಾದಗಳಿವೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಐರೋಪ್ಯ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನಗಳನ್ನು ಕಳೆದ ಟ್ಯೂಬಿಂಗೆನ್ ಇರುವುದು ಅದೇ ರಾಜ್ಯದಲ್ಲಿ. ಅಲ್ಲಿ ಓದುವ ಆಸೆ ಇರುವ ಕನ್ನಡದ ಮಕ್ಕಳು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಶುಲ್ಕ ಶುರುಮಾಡಿದೆ.

ಏಜೆಂಟರ ವಿಷಯ ಇಲ್ಲಿಯೇ ಹೇಳಬೇಕು. ‘ನಮ್ಮದು ಉಚಿತ ಸೇವೆ’ ಎನ್ನುವವರಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ಸರ್ಕಾರಿ ವಿಶ್ವವಿದ್ಯಾಲಯ ಅವರಿಗೆ ಕಮಿಷನ್ ಕೊಡುವುದಿಲ್ಲ. ಹಾಗಾಗಿಯೇ ನಿಮ್ಮ ಮಗ ಸರ್ಕಾರಿ ಕೋರ್ಸಿಗೆ ಅರ್ಹನಿದ್ದರೂ ದುಬಾರಿ ಖಾಸಗಿ ಕಾಲೇಜಿನ ಹೆಸರು ಮುಂದೆ ಬರುತ್ತದೆ. ಖಾಸಗಿಯೆಲ್ಲ ಕೆಟ್ಟದ್ದೆಂದಲ್ಲ. ಆದರೆ ತರಗತಿ ಪೂರ್ಣಾವಧಿ, ನೇರ ಹಾಜರಾತಿಯದೇ ಎಂದು ಲಿಖಿತವಾಗಿ ಕೇಳಿ. ಅರ್ಧ ಆನ್‌ಲೈನ್ ನಡೆಯುವ ಕೋರ್ಸ್ ನಂಬಿ ಹೋದರೆ, ಜರ್ಮನಿಯಲ್ಲೇ ಇದ್ದು ಓದುವ ಅಗತ್ಯವೇನು ಎಂಬ ಪ್ರಶ್ನೆ ವೀಸಾ ಹಂತದಲ್ಲೋ, ಅಲ್ಲಿ ನಿವಾಸ ಪರವಾನಗಿ ಕೇಳುವಾಗಲೋ ಎದುರಾಗುತ್ತದೆ. ಅಷ್ಟರಲ್ಲಿ ಕಟ್ಟಿದ ಶುಲ್ಕ ವಾಪಸು ಬರುವುದು ಕಷ್ಟ.

ಹಣದ ರುಜುವಾತು

ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸಲು ‘ಬ್ಲಾಕ್ಡ್ ಅಕೌಂಟ್’ ತೆರೆಯಬೇಕು. 2024ರ ಸೆಪ್ಟೆಂಬರಿನಿಂದ ಇದರ ಮೊತ್ತ 11,904 ಯೂರೋ. ಯೂರೋವನ್ನು 100 ರೂಪಾಯಿಗೆ ಹಿಡಿದರೂ ಸುಮಾರು 12 ಲಕ್ಷ. ಈ ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವ ವಾರ ಜರ್ಮನ್ ದೂತಾವಾಸದ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ. ಇದು ಶುಲ್ಕವಲ್ಲ, ನಿಮ್ಮದೇ ಹಣ. ಅಲ್ಲಿ ಇಳಿದು ಸ್ಥಳೀಯ ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ವಿದ್ಯಾರ್ಥಿವೇತನದ ಪತ್ರ ಅಥವಾ ಜರ್ಮನಿಯಲ್ಲಿ ನೆಲೆಸಿರುವ ಬಂಧುಗಳು ಅಲ್ಲಿನ ಕಚೇರಿಯಲ್ಲಿ ಬರೆದುಕೊಡುವ ಅಧಿಕೃತ ಹೊಣೆಪತ್ರವೂ ಇದರ ಬದಲಿಗೆ ನಡೆಯುತ್ತದೆ.

ಬ್ಯಾಂಕಿನ ಸಾಲ ಮಂಜೂರಾತಿ ಪತ್ರವೊಂದೇ ಸಾಲದು. ಹಣ ಆ ಖಾತೆ ಸೇರಿರಬೇಕು. ಆದ್ದರಿಂದ ಸಾಲದ ಅರ್ಜಿಯನ್ನು ಪ್ರವೇಶಪತ್ರ ಬಂದ ದಿನವೇ ಕೊಡಿ. ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿ ವಿದೇಶಕ್ಕೆ ಕಳಿಸಿದರೆ ಮೀರಿದ ಭಾಗಕ್ಕೆ ಬ್ಯಾಂಕ್ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತದೆ. ಮಾನ್ಯ ಹಣಕಾಸು ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಅದಿಲ್ಲ. ಸ್ವಂತ ಹಣವಾದರೆ, ಹಿಡಿದದ್ದನ್ನು ಯಾರ ಪ್ಯಾನ್ ಸಂಖ್ಯೆಯಿಂದ ಹಣ ಹೋಯಿತೋ ಅವರ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಹೊಂದಿಸಿಕೊಳ್ಳಬಹುದು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇವೆ. ಹಳ್ಳಿಗಳ ಕಾಲೇಜುಗಳಲ್ಲಿ ಇವುಗಳ ಹೆಸರೇ ಕೇಳದ ಮಕ್ಕಳಿದ್ದಾರೆ. ಉಪನ್ಯಾಸಕರು ದಯವಿಟ್ಟು ಹೇಳಿ.

ಖಾತೆ ತೋರಿಸಲು ತಾವೇ ಹಣ ಹಾಕಿ, ಆಮೇಲೆ ಬಡ್ಡಿ ಸಮೇತ ಕಿತ್ತುಕೊಳ್ಳುವವರೂ ಇದ್ದಾರೆ. ಅವರ ಹತ್ತಿರ ಹೋಗಲೇಬೇಡಿ. ಜರ್ಮನಿಯಲ್ಲಿ ಇಳಿದ ಮೇಲೆ ಬಾಡಿಗೆಗೂ ಊಟಕ್ಕೂ ಬೇಕಾಗುವುದು ಅದೇ ಹಣ.

ಉದ್ದೇಶಪತ್ರ

ವೀಸಾ ಕಡತದಲ್ಲಿ ನಿಮ್ಮ ಸ್ವಂತ ದನಿ ಇರುವುದು ಈ ಒಂದೆರಡು ಪುಟಗಳಲ್ಲಿ ಮಾತ್ರ. ಅದನ್ನೂ ದುಡ್ಡು ಕೊಟ್ಟು ಬರೆಸಿದರೆ ಹೇಗೆ? ಬಾಲ್ಯದಿಂದಲೂ ಯಂತ್ರಗಳ ಮೇಲೆ ಪ್ರೀತಿ, ಜರ್ಮನಿ ತಂತ್ರಜ್ಞಾನದ ತವರು ಎಂಬಂಥ ಸಾಲುಗಳನ್ನು ಅಧಿಕಾರಿ ದಿನವೂ ಓದುತ್ತಾನೆ. ನೀವು ಬರೆಯಬೇಕಾದ್ದು ಬೇರೆ. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಏನು ಮಾಡಿದಿರಿ, ಎಲ್ಲಿ ಜ್ಞಾನ ಸಾಲದೆ ನಿಂತಿರಿ, ಈ ಕೋರ್ಸಿನ ಯಾವ ಪಾಠ ಆ ಕೊರತೆ ತುಂಬುತ್ತದೆ, ಮುಗಿದ ಮೇಲೆ ಯಾವ ಕೆಲಸ. ಓದು ಮುಗಿಸಿ ಮೂರು ವರ್ಷ ಕೆಲಸ ಮಾಡಿದ್ದರೆ ಆ ಮೂರು ವರ್ಷ ಪತ್ರದಲ್ಲಿಯೂ ಬಯೋಡೇಟಾದಲ್ಲಿಯೂ ಒಂದೇ ರೀತಿ ಕಾಣಬೇಕು. ಮೆಕ್ಯಾನಿಕಲ್ ಓದಿ ಮ್ಯಾನೇಜ್‌ಮೆಂಟಿಗೆ ಹೊರಟಿದ್ದರೆ ಏಕೆ ಎಂದು ನೇರವಾಗಿ ಬರೆಯಿರಿ. ಕನ್ನಡದಲ್ಲಿ ಮೊದಲು ಬರೆದು ಆಮೇಲೆ ಇಂಗ್ಲಿಷಿಗೆ ತಂದರೂ ತಪ್ಪಿಲ್ಲ, ವಿಚಾರ ನಿಮ್ಮದಾಗಿದ್ದರೆ ಸಾಕು.

ಅರ್ಜಿ ಮತ್ತು ಭೇಟಿ

ವಿದ್ಯಾರ್ಥಿಗೆ ಬೇಕಾದ್ದು ರಾಷ್ಟ್ರೀಯ ವೀಸಾ, ಅಂದರೆ ‘ಡಿ’ ವರ್ಗ. ಪ್ರವಾಸಿ ಷೆಂಗೆನ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳುತ್ತೇನೆ ಎಂಬುದು ಭಾರತೀಯರಿಗೆ ನಡೆಯುವ ಮಾತಲ್ಲ. 2025ರ ಜನವರಿಯಿಂದ ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಸರ್ವೀಸಸ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ ದಾಖಲೆಗಳನ್ನು ಏರಿಸಬಹುದು. ಬೆರಳಚ್ಚು ಮತ್ತು ಮೂಲ ದಾಖಲೆಗಳಿಗಾಗಿ ಖುದ್ದು ಹಾಜರಾಗಲೇಬೇಕು. ಕರ್ನಾಟಕದವರಿಗೆ ಅದು ವೀಸಾ ಅರ್ಜಿ ಪಡೆಯುವ ಬೆಂಗಳೂರಿನ ವಿಎಫ್ಎಸ್ ಕೇಂದ್ರದಲ್ಲಿ. ಶುಲ್ಕ 75 ಯೂರೋ, ರೂಪಾಯಿಯಲ್ಲಿ ಕಟ್ಟಬೇಕು, ಸೇವಾ ಶುಲ್ಕ ಪ್ರತ್ಯೇಕ.

ಪಾಸ್‌ಪೋರ್ಟ್, 35x45 ಮಿಲಿಮೀಟರ್ ಅಳತೆಯ ಫೋಟೊ, ಪ್ರವೇಶಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟಿನ ದೃಢೀಕರಣ, ಭಾಷಾ ಪರೀಕ್ಷೆಯ ಅಂಕ, ಬಯೋಡೇಟಾ, ಉದ್ದೇಶಪತ್ರ, ಅಂಕಪಟ್ಟಿಗಳು, ಪ್ರಯಾಣದ ಆರೋಗ್ಯ ವಿಮೆ. ಜಾಲತಾಣದ ಪಟ್ಟಿಯಲ್ಲಿರುವ ಕ್ರಮದಲ್ಲೇ ಜೋಡಿಸಿ. ವಿಎಫ್ಎಸ್ ಸಿಬ್ಬಂದಿ ಕಾಗದ ಪಡೆಯುವವರಷ್ಟೇ, ವೀಸಾ ಕೊಡುವ ಅಧಿಕಾರ ಅವರಿಗಿಲ್ಲ. ‘ಒಳಗೆ ಪರಿಚಯ ಇದೆ’ ಎಂದು ಹೊರಗೆ ಯಾರಾದರೂ ಹೇಳಿದರೆ ಅದು ಸುಳ್ಳು. ನಿರ್ಧಾರಕ್ಕೆ ಹಲವು ವಾರಗಳಿಂದ ಮೂರು ತಿಂಗಳವರೆಗೆ ಹಿಡಿಯಬಹುದು, ವಿಮಾನ ಟಿಕೆಟ್ ಆಮೇಲೆ ಕೊಳ್ಳಿ.

ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೊಡುತ್ತಾರೆ. ಹಿಂದೆ ವೀಸಾ ನಿರಾಕರಿಸಿದ ಕಚೇರಿಗೇ ಮರುಪರಿಶೀಲನೆಯ ಮನವಿ ಬರೆಯುವ ಅವಕಾಶವಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದಿದ್ದಾರೆ. ಈಗ ಉಳಿದಿರುವುದು ಬರ್ಲಿನ್‌ನ ಆಡಳಿತಾತ್ಮಕ ನ್ಯಾಯಾಲಯ, ಇಲ್ಲವೇ ಹೊಸ ಅರ್ಜಿ. ಹೆಚ್ಚಿನವರಿಗೆ ಎರಡನೆಯದೇ ಕಾರ್ಯಸಾಧ್ಯ. ಆದರೆ ಕಾರಣ ಸರಿಪಡಿಸದೆ ಅದೇ ಕಡತವನ್ನು ಮತ್ತೆ ಕೊಟ್ಟರೆ ಅದೇ ಉತ್ತರ ಬರುತ್ತದೆ.

ವೀಸಾ ಬಂದ ಮೇಲೆ

ಮೊದಲು ಅದರಲ್ಲಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕಗಳನ್ನು ಓದಿ. ತಪ್ಪಿದ್ದರೆ ಹೊರಡುವ ಮುಂಚೆಯೇ ತಿದ್ದಿಸಿ. ಮೂಲ ಅಂಕಪಟ್ಟಿಗಳು ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ. ಮನೆ ಸಿಕ್ಕ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು, ಹಾಗಾಗಿ ನೋಂದಣಿಗೆ ಒಪ್ಪದ ಬಾಡಿಗೆ ಕೋಣೆ ಅಗ್ಗವಾದರೂ ಹಿಡಿಯಬೇಡಿ. ಮೂವತ್ತು ವರ್ಷದೊಳಗಿನವರು ವಿದ್ಯಾರ್ಥಿಗಳ ಸಾರ್ವಜನಿಕ ಆರೋಗ್ಯ ವಿಮೆಗೆ ಸೇರಬಹುದು, ಪ್ರವೇಶ ನೋಂದಣಿಗೆ ಅದು ಬೇಕೇ ಬೇಕು. ಆಮೇಲೆ ವೀಸಾ ಅವಧಿ ಮುಗಿಯುವುದರೊಳಗೆ ವಿದೇಶಿಯರ ಕಚೇರಿಯಲ್ಲಿ ನಿವಾಸ ಪರವಾನಗಿಗೆ ಅರ್ಜಿ ಕೊಡಬೇಕು. ದೊಡ್ಡ ಊರುಗಳಲ್ಲಿ ಭೇಟಿಯ ದಿನ ಸಿಗುವುದು ತಡವಾಗುವುದರಿಂದ ಇಳಿದ ವಾರವೇ ಬುಕ್ ಮಾಡಿ, ಅರ್ಜಿ ಕಳಿಸಿದ ಇಮೇಲ್ ಉಳಿಸಿಕೊಳ್ಳಿ. 2024ರ ಮಾರ್ಚ್‌ನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಓದು ಮುಗಿಸಿದ ಮೇಲೆ ತಕ್ಕ ಕೆಲಸ ಹುಡುಕಲು 18 ತಿಂಗಳವರೆಗೆ ಉಳಿಯುವ ಪರವಾನಗಿಯನ್ನೂ ಅದೇ ಕಚೇರಿಯಲ್ಲಿ ಕೇಳಬಹುದು.