ಸಂಸತ್ತಿನಿಂದ ಪಂಚಾಯಿತಿಗೆ

ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಸೀಮೆಯಲ್ಲಿ ಭೇರ್ಯವೆಂಬ ಊರಿದೆ. ಕರ್ನಾಟಕದ ಇಂಥ ಊರುಗಳ ಗ್ರಾಮ ಪಂಚಾಯಿತಿಗಳಲ್ಲಿ ಸ್ಥಾನಗಳ ಅರ್ಧ ಭಾಗವನ್ನು ಕಾಯಿದೆಯು ಮಹಿಳೆಯರಿಗೆ ಮೀಸಲಾಗಿರಿಸಿದೆ. ಕುಡಿಯುವ ನೀರು, ಬೀದಿ ದೀಪ, ಅಂಗನವಾಡಿ, ಶಾಲೆಯ ಕಟ್ಟಡ ಮೊದಲಾದ ವಿಷಯಗಳಲ್ಲಿ ಪುರುಷರೊಡನೆ ಸಮನಾಗಿ ಕುಳಿತು ತೀರ್ಮಾನ ಕೈಗೊಳ್ಳುವ ಅಧಿಕಾರ ಅವರಿಗುಂಟು. ಈ ಅಧಿಕಾರ ತಾನಾಗಿ ಒದಗಿದ್ದಲ್ಲ. ಅದರ ಹಿಂದೆ ದೀರ್ಘವಾದ ಒಂದು ವಾದವಿದೆ. ಆ ವಾದವನ್ನು ದೆಹಲಿಯ ಸಂಸತ್ತಿನಲ್ಲಿ ಹಲವು ವರ್ಷ ಮುಂದಿಟ್ಟವರಲ್ಲಿ ಕರ್ನಾಟಕದ ಮಾರ್ಗರೆಟ್ ಆಳ್ವ ಅವರು ಪ್ರಮುಖರು.

ಮಾರ್ಗರೆಟ್ ಅವರು 1942ನೆಯ ಇಸವಿ ಏಪ್ರಿಲ್ 14ರಂದು ಮಂಗಳೂರಿನಲ್ಲಿ ಜನಿಸಿದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿಯೂ ಬಳಿಕ ಸರ್ಕಾರಿ ಕಾನೂನು ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. 1964ರಲ್ಲಿ ಅವರು ವಿವಾಹವಾಗಿ ಸೇರಿದ ಮನೆ ಸಂಸತ್ತಿಗೆ ಹೊಸದಾಗಿರಲಿಲ್ಲ. ಮಾವ ಜೋಕಿಂ ಆಳ್ವ ಅವರು ಲೋಕಸಭೆಯ ಸದಸ್ಯರು. ಅತ್ತೆ ವಯಲೆಟ್ ಆಳ್ವ ಅವರು ಆಗ ರಾಜ್ಯಸಭೆಯ ಉಪಸಭಾಪತಿಗಳು. ಸೊಸೆಯಾದವಳು ಮನೆಯೊಳಗೇ ಇರತಕ್ಕವಳೆಂದು ಬಹುಜನರು ನಂಬಿದ್ದ ಆ ಕಾಲದಲ್ಲಿ, ಅತ್ತೆಯೇ ರಾಜ್ಯಸಭೆಯ ಪೀಠದಲ್ಲಿ ಕುಳಿತು ಕಲಾಪ ನಡೆಸುತ್ತಿದ್ದ ಮನೆ ಅದು.

1974ರಲ್ಲಿ ಮಾರ್ಗರೆಟ್ ಆಳ್ವ ಅವರು ರಾಜ್ಯಸಭೆಗೆ ಆಯ್ಕೆಯಾದರು. ಆಗ ಅವರ ವಯಸ್ಸು ಮೂವತ್ತೆರಡು. ಮುಂದೆ 1998ರವರೆಗೆ ಸತತವಾಗಿ ನಾಲ್ಕು ಅವಧಿಗಳ ಕಾಲ ಅವರು ಆ ಸಭೆಯ ಸದಸ್ಯರಾಗಿದ್ದರು. ಅವರು ಪ್ರವೇಶಿಸಿದಾಗ ಸಂಸತ್ತಿನ ಎರಡೂ ಸದನಗಳಲ್ಲಿ ಮಹಿಳೆಯರ ಸಂಖ್ಯೆ ಹತ್ತನೆಯ ಒಂದಂಶದಷ್ಟೂ ಇರಲಿಲ್ಲ. ಅದೇ ವರ್ಷದ ಕೊನೆಯಲ್ಲಿ, ದೇಶದ ಮಹಿಳೆಯರ ಸ್ಥಿತಿಗತಿಗಳನ್ನು ಪರಿಶೀಲಿಸಲು ನೇಮಕಗೊಂಡಿದ್ದ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿತು. ಫೂಲರೇಣು ಗುಹಾ ಅವರು ಅದರ ಅಧ್ಯಕ್ಷೆ. ಶಾಸನಸಭೆಗಳಲ್ಲಿ ಸ್ಥಾನ ಮೀಸಲಿಡಬೇಕೆಂಬ ಸಲಹೆಯನ್ನು ಸಮಿತಿಯ ಬಹುಮತ ಒಪ್ಪಲಿಲ್ಲ. ವೀಣಾ ಮಜುಂದಾರ್ ಮತ್ತು ಲತಿಕಾ ಸರ್ಕಾರ್ ಅವರು ಭಿನ್ನಮತ ಬರೆದರು. ಸ್ತ್ರೀಯರ ಹಿತವನ್ನೇ ಬಯಸಿದವರಲ್ಲಿಯೂ ಈ ವಿಷಯದಲ್ಲಿ ಒಮ್ಮತವಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

1985ರಲ್ಲಿ ಕೇಂದ್ರ ಸರ್ಕಾರವು ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವನ್ನು ಸ್ಥಾಪಿಸಿ, ಅದರಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು ತೆರೆಯಿತು. ಆಳ್ವ ಅವರು ಅದರ ರಾಜ್ಯ ಸಚಿವರಾದರು. ಶಿಕ್ಷಣವೂ ಅದೇ ಸಚಿವಾಲಯಕ್ಕೆ ಸೇರಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಹಿಳೆಯರ ಸಮಾನತೆಗಾಗಿ ಶಿಕ್ಷಣವೆಂಬ ಭಾಗವನ್ನೇ ಪ್ರತ್ಯೇಕವಾಗಿ ಒಳಗೊಂಡಿತು. ಹೆಣ್ಣುಮಗು ಶಾಲೆಗೆ ಏಕೆ ಬರುವುದಿಲ್ಲ? ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು; ನೀರು ಹೊರಬೇಕು; ಸೌದೆ ತರಬೇಕು; ಶಾಲೆ ಇದ್ದರೂ ಅದು ದೂರ. ಶಾಲೆಯೊಂದನ್ನು ಕಟ್ಟಿದ ಮಾತ್ರಕ್ಕೆ ಈ ತೊಡಕುಗಳು ನೀಗುವುದಿಲ್ಲ. ಊರಿನ ನೀರು, ಸೌದೆ, ಶಿಶುವಿಹಾರಗಳ ವ್ಯವಸ್ಥೆಯೂ ಬದಲಾಗಬೇಕು. ಆ ವ್ಯವಸ್ಥೆಯಾದರೋ ಪಂಚಾಯಿತಿಯ ಕೈಯಲ್ಲಿರತಕ್ಕದ್ದು.

1988ರಲ್ಲಿ ಆಳ್ವ ಅವರ ಇಲಾಖೆಯು 2000ದವರೆಗಿನ ಒಂದು ರಾಷ್ಟ್ರೀಯ ಯೋಜನೆಯನ್ನು ಮಹಿಳೆಯರಿಗಾಗಿ ಸಿದ್ಧಪಡಿಸಿತು. ಕೃಷಿ, ಉದ್ಯೋಗ, ಆರೋಗ್ಯ, ಶಿಕ್ಷಣ, ಕಾನೂನುಗಳ ಜೊತೆಗೆ ರಾಜಕೀಯ ಪಾಲುಗಾರಿಕೆಯನ್ನೂ ಅದು ಪರಿಶೀಲಿಸಿತು. ಗ್ರಾಮದಿಂದ ಜಿಲ್ಲೆಯವರೆಗಿನ ಎಲ್ಲ ಸಂಸ್ಥೆಗಳಲ್ಲಿ ಶೇಕಡ 30 ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲೊಂದು.

ಇದಕ್ಕೆ ಎದುರಾದ ಪ್ರಶ್ನೆ ಸಾಮಾನ್ಯವಾದುದಲ್ಲ. ಓದುಬರಹ ಬಾರದ ಹೆಂಗಸರು ಆಡಳಿತವನ್ನು ಹೇಗೆ ನಡೆಸಿಯಾರು? ಮೊದಲು ವಿದ್ಯೆ ಬರಲಿ, ಬಳಿಕ ಅಧಿಕಾರ ಬರಲಿ ಎಂಬುದು ಒಂದು ಪಕ್ಷ. 1991ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಕ್ಷರ ಬಲ್ಲ ಸ್ತ್ರೀಯರು ನೂರಕ್ಕೆ 44 ಮಂದಿ ಮಾತ್ರ. ಪುರುಷರು 67 ಮಂದಿ. ಹಾಗಾಗಿ ಈ ಪ್ರಶ್ನೆಯನ್ನು ಕೇವಲ ಕುಚೋದ್ಯವೆಂದು ತಳ್ಳಿಹಾಕುವಂತಿರಲಿಲ್ಲ. ಆದರೆ ಇನ್ನೊಂದು ಪಕ್ಷದ ವಾದ ಹೆಚ್ಚು ಗಟ್ಟಿಯಾದುದು. ಹುಡುಗಿಯರ ಶಾಲೆಗೆ ಯಾರೂ ಗಮನ ಕೊಡದ ಊರಿನಲ್ಲಿ ವಿದ್ಯೆ ತಾನಾಗಿ ಬರುವವರೆಗೆ ಕಾಯುವುದೆಂದರೆ ಇನ್ನೊಂದು ತಲೆಮಾರನ್ನು ಕಳೆದುಕೊಂಡಂತೆಯೇ. ಬಾವಿಯಿಂದ ನೀರು ಹೊತ್ತವಳಿಗೆ ಬಾವಿಯ ಕಷ್ಟ ತಿಳಿದಿರುತ್ತದೆ. ಅದಕ್ಕೆ ಅಕ್ಷರ ಬೇಕಾಗಿಲ್ಲ.

ಈ ವಿಷಯದಲ್ಲಿ ಕರ್ನಾಟಕವು ಆಗಲೇ ಒಂದು ಹೆಜ್ಜೆ ಮುಂದಿಟ್ಟಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಶೇಕಡ 25 ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟಿತು. 1987ರಲ್ಲಿ ಚುನಾವಣೆಯೂ ನಡೆಯಿತು. ಆ ಸರ್ಕಾರ ಒಂದು ಪಕ್ಷದ್ದು, ಆಳ್ವ ಅವರು ಇನ್ನೊಂದು ಪಕ್ಷದವರು. ಆದರೂ ಎರಡು ಕಡೆಯ ಆಲೋಚನೆ ಒಂದೇ ದಿಕ್ಕಿನಲ್ಲಿ ಹರಿದುದು ಗಮನಿಸತಕ್ಕ ಸಂಗತಿ.

1989ರ ಮೇ ತಿಂಗಳಲ್ಲಿ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಸಂವಿಧಾನದ 64ನೆಯ ತಿದ್ದುಪಡಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು. ಶೇಕಡ 30ರ ಮೀಸಲಾತಿಯೂ ಅದರಲ್ಲಿ ಸೇರಿತ್ತು. ಲೋಕಸಭೆ ಅದನ್ನು ಅಂಗೀಕರಿಸಿತು. ಸಂವಿಧಾನವನ್ನು ತಿದ್ದಬೇಕಾದರೆ ಪ್ರತಿಯೊಂದು ಸದನದಲ್ಲಿಯೂ ಹಾಜರಿದ್ದು ಮತ ನೀಡುವವರಲ್ಲಿ ಮೂರನೆಯ ಎರಡಂಶ ಒಪ್ಪಲೇಬೇಕು. ಅಕ್ಟೋಬರ್ 13ರಂದು ರಾಜ್ಯಸಭೆಯಲ್ಲಿ ಕೆಲವೇ ಮತಗಳ ಕೊರತೆಯಿಂದ ಮಸೂದೆ ಬಿದ್ದುಹೋಯಿತು. ವಿರೋಧಿಸಿದವರ ಮುಖ್ಯ ಆಕ್ಷೇಪಣೆ ಮಹಿಳೆಯರ ವಿಷಯದಲ್ಲಿರಲಿಲ್ಲ; ರಾಜ್ಯಗಳ ಅಧಿಕಾರದಲ್ಲಿ ಕೇಂದ್ರವು ಕೈಹಾಕುತ್ತಿದೆಯೆಂಬುದೇ ಅವರ ಶಂಕೆ. ಕಾರಣ ಏನೇ ಇರಲಿ, ಸ್ಥಾನ ಕಳೆದುಕೊಂಡವರು ಹಳ್ಳಿಯ ಹೆಂಗಸರು.

ಆದರೂ ಬೀಜ ಉಳಿಯಿತು. 1992ರ ಡಿಸೆಂಬರಿನಲ್ಲಿ ಸಂಸತ್ತು 73ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. 1993ನೆಯ ಏಪ್ರಿಲ್ 24ರಂದು ಅದು ಜಾರಿಗೆ ಬಂದಿತು. ಶೇಕಡ 30 ಎಂದಿದ್ದುದು ಈಗ ಮೂರನೆಯ ಒಂದಂಶಕ್ಕೆ ಕಡಿಮೆಯಿಲ್ಲದಂತೆ ಎಂದಾಯಿತು. ಅಧ್ಯಕ್ಷ ಸ್ಥಾನಗಳಿಗೂ ಈ ನಿಯಮ ಅನ್ವಯಿಸಿತು. ಕರ್ನಾಟಕವು ಮುಂದೆ ತನ್ನ ಕಾಯಿದೆಯನ್ನು ತಿದ್ದಿ ಮಹಿಳೆಯರ ಪಾಲನ್ನು ಅರ್ಧಕ್ಕೇರಿಸಿತು.

ಸ್ಥಾನ ಸಿಕ್ಕಿದೊಡನೆ ಎಲ್ಲವೂ ನೆಟ್ಟಗಾಯಿತೆಂದು ಹೇಳಲಾಗದು. ಹೆಂಡತಿ ಸದಸ್ಯೆಯಾದರೂ ಗಂಡನೇ ಸಭೆಗೆ ಬಂದು ಮಾತನಾಡಿದ ಊರುಗಳು ಹಲವು. ಕಡತದಲ್ಲಿ ಏನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವರೂ ಇದ್ದರು. ವಿದ್ಯೆಯ ಪ್ರಶ್ನೆ ಇಲ್ಲಿಗೆ ಹಿಂದಿರುಗಿ ಬರುತ್ತದೆ. ಹರಿಯಾಣವು 2015ರಲ್ಲಿ ಪಂಚಾಯಿತಿ ಚುನಾವಣೆಗೆ ನಿಲ್ಲುವವರಿಗೆ ಶಾಲಾ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡಿತು. ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಶಾಲೆಯನ್ನೇ ಕಾಣದ ಎಷ್ಟೋ ಮಹಿಳೆಯರಿಗೆ ಅಲ್ಲಿ ಬಾಗಿಲು ಮುಚ್ಚಿತು. ಕರ್ನಾಟಕವು ಅಂಥ ನಿಯಮವನ್ನು ಮಾಡದೆ, ಚುನಾಯಿತರಾದ ಮೇಲೆ ತರಬೇತಿ ಕೊಡುವ ದಾರಿಯನ್ನು ಹಿಡಿಯಿತು. 2011ರ ಜನಗಣತಿಯ ವೇಳೆಗೆ ರಾಜ್ಯದ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 68 ಮಂದಿಯಾಗಿದ್ದರು.

ಮಾರ್ಗರೆಟ್ ಆಳ್ವ ಅವರು 1999ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಚುನಾಯಿತರಾದರು. 2009ರಲ್ಲಿ ಉತ್ತರಾಖಂಡದ ರಾಜ್ಯಪಾಲರಾದರು. ಆ ರಾಜ್ಯಕ್ಕೆ ಅವರೇ ಮೊದಲ ಮಹಿಳಾ ರಾಜ್ಯಪಾಲರು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿಯೂ ಮೂರನೆಯ ಒಂದಂಶ ಮಹಿಳೆಯರಿಗಿರಬೇಕೆಂಬ ಮಸೂದೆಯು 1996ರಲ್ಲಿ ಮೊದಲು ಮಂಡನೆಯಾಗಿ, ಮತ್ತೆ ಮತ್ತೆ ನಿಂತು, 2023ರ ಸೆಪ್ಟೆಂಬರಿನಲ್ಲಿ ಎರಡೂ ಸದನಗಳ ಒಪ್ಪಿಗೆ ಪಡೆಯಿತು. ಪಂಚಾಯಿತಿಯ ಹೆಣ್ಣುಮಕ್ಕಳು ಅಷ್ಟು ಹೊತ್ತಿಗೆ ಮೂವತ್ತು ವರ್ಷ ಆಡಳಿತದ ಪಾಠವನ್ನು ಕಲಿತಿದ್ದರು.