ಕವಿಯ ಹೆಸರು, ಮಗುವಿನ ಹೆಸರು

ಮಗುವಿಗೆ ಹೆಸರಿಡುವುದು ಹೆತ್ತವರಿಗೆ ಒಂದು ಸಂಭ್ರಮ. ಕೆಲವರು ಮನೆದೇವರ ಹೆಸರನ್ನಿಡುತ್ತಾರೆ. ಕೆಲವರು ಅಜ್ಜ ಅಜ್ಜಿಯರ ಹೆಸರನ್ನಿಡುತ್ತಾರೆ. ಮಗುವನ್ನು ಕರೆದಾಗಲೆಲ್ಲ ಹಿರಿಯರ ನೆನಪು ಮನೆಯಲ್ಲಿ ಮರುಕಳಿಸುತ್ತದೆ. ಹೀಗೆ ಹೆಸರು ಕೇವಲ ಗುರುತಲ್ಲ; ಅದು ಋಣದ ಸ್ಮರಣೆಯೂ ಹೌದು.

ಕನ್ನಡದ ಮಹಾಕವಿ ರನ್ನನು ಇದನ್ನು ಚೆನ್ನಾಗಿ ಅರಿತಿದ್ದನು. ಬಳೆಗಾರರ ಮನೆತನದಲ್ಲಿ ಹುಟ್ಟಿದ ಆತನಿಗೆ ಚಾವುಂಡರಾಯನೂ ದಾನಚಿಂತಾಮಣಿ ಅತ್ತಿಮಬ್ಬೆಯೂ ಆಶ್ರಯವಿತ್ತರು. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಅತ್ತಿಮಬ್ಬೆಯು ಪೊನ್ನ ಕವಿಯ ‘ಶಾಂತಿಪುರಾಣ’ದ ೧೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ. ಅಚ್ಚುಕೂಟಗಳಿಲ್ಲದ ಆ ಕಾಲದಲ್ಲಿ, ಪ್ರತಿ ಮಾಡುವವರಿಲ್ಲದ ಕಾವ್ಯವು ಓಲೆಯೊಡನೆಯೇ ಅಳಿದುಹೋಗುತ್ತಿತ್ತು. ಕಾವ್ಯವನ್ನು ಉಳಿಸಿದವಳ ಹೆಸರು ಕವಿಯ ಮಗಳಿಗೆ ಬಂದಿತು.

ಇಲ್ಲಿ ಕವಿಯು ಪೋಷಕರ ಹೆಸರನ್ನು ತನ್ನ ಮಕ್ಕಳಿಗಿಟ್ಟನು. ಜನರು ಕವಿಗಳ ಹೆಸರನ್ನು ತಮ್ಮ ಮಕ್ಕಳಿಗಿಟ್ಟ ನಿದರ್ಶನವು ನೆರೆಯ ತಮಿಳುನಾಡಿನಲ್ಲಿ ದೊರೆಯುತ್ತದೆ. ಕಪಿಲನ್, ಇಳಂಗೋ ಎಂಬ ಹೆಸರುಗಳು ಅಲ್ಲಿ ಇಂದು ಪರಿಚಿತವಾದವು. ಕಪಿಲರ್ ಸಂಘಕಾಲದ ಶ್ರೇಷ್ಠ ಕವಿ. ಇಳಂಗೋ ಅಡಿಗಳ್ ‘ಶಿಲಪ್ಪದಿಕಾರಂ’ ಕಾವ್ಯದ ಕರ್ತೃ.

ಹಲವು ಶತಮಾನಗಳ ಕಾಲ ಸಂಘಕಾಲದ ಕವಿತೆಗಳನ್ನು ಓದುವವರು ವಿರಳವಾಗಿದ್ದರು. ತಾಳೆಯೋಲೆಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು. ೧೮೫೫ರಲ್ಲಿ ಜನಿಸಿದ ಉ. ವೇ. ಸ್ವಾಮಿನಾಥ ಅಯ್ಯರ್ ಎಂಬ ವಿದ್ವಾಂಸರು ಊರೂರು ಅಲೆದು ಓಲೆಗಳನ್ನು ಕಲೆಹಾಕಿದರು. ಪಾಠಗಳನ್ನು ಒಂದರೊಡನೊಂದು ಹೋಲಿಸಿ ಶುದ್ಧಗೊಳಿಸಿದರು. ೧೮೯೨ರಲ್ಲಿ ‘ಶಿಲಪ್ಪದಿಕಾರಂ’, ೧೮೯೪ರಲ್ಲಿ ‘ಪುರನಾನೂರು’ ಅವರ ಶ್ರಮದಿಂದ ಅಚ್ಚಾದವು. ಮರೆತ ಕವಿಗಳು ಜನರ ಮನೆಗಳಿಗೆ ಮರಳಿದರು.

ಮುಂದೆ ೧೯೧೬ರಲ್ಲಿ ಅಚ್ಚ ತಮಿಳಿನ ಚಳವಳಿ ಆರಂಭವಾಯಿತು. ಅದರ ನಾಯಕರಾದ ವೇದಾಚಲಂ ಅವರು ತಮ್ಮ ಹೆಸರನ್ನೇ ತಮಿಳಿಗೆ ತಿರುಗಿಸಿ ಮರೈಮಲೈ ಅಡಿಗಳ್ ಎನಿಸಿಕೊಂಡರು. ‘ಮರೈ’ ಎಂದರೆ ವೇದ, ‘ಮಲೈ’ ಎಂದರೆ ಬೆಟ್ಟ. ತಮ್ಮ ಭಾಷೆಯ ಹೆಸರುಗಳನ್ನು ಅರಸುತ್ತಿದ್ದ ಹೆತ್ತವರಿಗೆ ಪ್ರಾಚೀನ ಕವಿಗಳ ಹೆಸರುಗಳು ಪ್ರಿಯವಾದವು. ಗೌರವಸೂಚಕವಾದ ‘ಕಪಿಲರ್’ ಎಂಬುದು ತೊಟ್ಟಿಲ ಕೂಸಿಗೆ ‘ಕಪಿಲನ್’ ಎಂದಾಯಿತು.

ಕಪಿಲರ ಹಿರಿಮೆ ಕವಿತ್ವವೊಂದರಿಂದಲೇ ಬಂದುದಲ್ಲ. ಅವರ ಪ್ರಿಯಮಿತ್ರನಾದ ಪಾರಿ ಎಂಬ ದೊರೆಯು ಮೂವರು ಅರಸರ ಹಗೆತನಕ್ಕೆ ಬಲಿಯಾದನು. ಆಗ ಕಪಿಲರು ಅವನ ಇಬ್ಬರು ಹೆಣ್ಣುಮಕ್ಕಳ ಹೊಣೆಯನ್ನು ಹೊತ್ತು, ಅವರಿಗೆ ವರರನ್ನು ಅರಸುತ್ತ ಅರಸರ ಬಾಗಿಲುಗಳಿಗೆ ಅಲೆದರು. ಈ ಕಥೆಯನ್ನು ಬಲ್ಲವನಿಗೆ ಕಪಿಲನ್ ಎಂಬುದು ಸ್ನೇಹನಿಷ್ಠೆಯ ಹೆಸರು. ಅರಿಯದವನಿಗೆ ಅದು ಕಿವಿಗೆ ಇಂಪಾದ ಒಂದು ಶಬ್ದ ಮಾತ್ರ.

ಕವಿಯ ಹೆಸರನ್ನು ಹೊತ್ತವನು ಕವಿಯಾಗಲೇಬೇಕೆಂಬ ನಿಯಮವಿಲ್ಲ. ಅವನು ರೈತನಾಗಬಹುದು, ವೈದ್ಯನಾಗಬಹುದು. ಆದರೆ “ನನಗೆ ಈ ಹೆಸರನ್ನು ಏಕೆ ಇಟ್ಟಿರಿ?” ಎಂದು ಮಗು ಒಂದು ದಿನ ಕೇಳುತ್ತದೆ. ಅಂದು ಉತ್ತರ ಹೇಳಬಲ್ಲ ಹಿರಿಯರು ಮನೆಯಲ್ಲಿರಬೇಕು. ಓಲೆಯಲ್ಲಿದ್ದ ಕಾವ್ಯವನ್ನು ಅತ್ತಿಮಬ್ಬೆಯೂ ಅಯ್ಯರ್ ಅವರೂ ಉಳಿಸಿಕೊಟ್ಟರು. ಅದನ್ನು ಓದಿ, ಹೆಸರಿನೊಳಗೆ ಅರ್ಥವನ್ನು ಉಳಿಸುವ ಹೊಣೆ ಮುಂದಿನವರದು.