ಮಳೆ ಬಿಡುವವರೆಗೆ ಮಗುವಿಗೇನು ಕೆಲಸ?

ಪ್ರಶ್ನೆ: ನನ್ನ ಮಗನಿಗೆ ಒಂದು ವರ್ಷ ಎಂಟು ತಿಂಗಳು. ಮಳೆ ಹಿಡಿದ ಮೇಲೆ ಅಂಗಳಕ್ಕೆ ಬಿಡುವಂತಿಲ್ಲ. ಪೇಟೆಯಿಂದ ತಂದ ಆಟಿಕೆಯನ್ನು ಎರಡು ನಿಮಿಷ ಆಡಿ ಬಿಸಾಡುತ್ತಾನೆ. ಅಡುಗೆಮನೆಗೆ ಹೋದರೆ ಕಾಲಿಗೆ ಜೋತು ಬೀಳುತ್ತಾನೆ. ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಿರುತ್ತಾನೆ, ಊಟಕ್ಕೂ ಅದೇ ಬೇಕು. ಇದು ಏನಾದರೂ ತೊಂದರೆಯೇ? ಮನೆಯೊಳಗೆ ಏನು ಆಡಿಸಲಿ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಗಾಬರಿ ಬೇಡಮ್ಮ. ಈ ವಯಸ್ಸಿನ ಮಗು ಒಂದು ಆಟದಲ್ಲಿ ನಾಲ್ಕೈದು ನಿಮಿಷ ನಿಂತರೆ ಅದೇ ಹೆಚ್ಚು. ಒಂದರಿಂದ ಎರಡು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂಗಳದಲ್ಲಿ ತಾನಾಗಿ ಆಗುತ್ತಿದ್ದ ಆ ಓಡಾಟ ನಿಂತಿರುವುದರಿಂದಲೇ ಅವನಿಗೆ ಈ ಚಡಪಡಿಕೆ. ಹಾಗಾಗಿ ಮೊದಲು ಮೈ ದಣಿಯಲಿ. ಹಾಸಿಗೆ, ದಿಂಬುಗಳನ್ನು ನೆಲದ ಮೇಲೆ ಗುಡ್ಡೆ ಹಾಕಿ ಹತ್ತಿ ಇಳಿಯಲು ಬಿಡಿ. ಎರಡು ಕುರ್ಚಿಗಳ ಮೇಲೆ ಹಳೆಯ ಸೀರೆ ಹೊದಿಸಿದರೆ ನುಸುಳಲು ಗುಹೆಯಾಯಿತು. ಬೆಳಗ್ಗೆ ಇಷ್ಟು ಕುಣಿದ ಮಗು ಆಮೇಲೆ ಕೂತು ಆಡುತ್ತದೆ, ಮಧ್ಯಾಹ್ನ ನಿದ್ದೆಯೂ ಚೆನ್ನಾಗಿ ಮಾಡುತ್ತದೆ.

ಇನ್ನು ಕಾಲಿಗೆ ಜೋತು ಬೀಳುವುದು. ಅವನಿಗೆ ಬೇಕಾದದ್ದು ಪೇಟೆಯ ಆಟಿಕೆಯಲ್ಲ, ನೀವು ಮಾಡುತ್ತಿರುವ ಕೆಲಸ. ಅದರಲ್ಲೇ ಒಂದು ಪಾಲು ಕೊಡಿ. ಒಲೆಯಿಂದ ದೂರ ಕೂರಿಸಿ, ಒಂದೇ ಬುಟ್ಟಿಯಲ್ಲಿರುವ ಆಲೂಗಡ್ಡೆ, ಈರುಳ್ಳಿಯನ್ನು ಎರಡು ಪಾತ್ರೆಗೆ ಬೇರೆ ಮಾಡಲು ಹೇಳಿ. ತಪ್ಪು ಪಾತ್ರೆಗೆ ಹಾಕಿದರೂ ತಿದ್ದಬೇಡಿ. ನಿಂಬೆಹಣ್ಣಿನಷ್ಟು ಚಪಾತಿ ಹಿಟ್ಟು ಕೊಟ್ಟರೆ ತಟ್ಟುತ್ತಾನೆ, ಚಿವುಟುತ್ತಾನೆ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ, ಅಷ್ಟೇ. ಡಬ್ಬಿಯ ಮುಚ್ಚಳ ತೆಗೆದು ಹಾಕುವುದು, ಹಳೆಯ ಪತ್ರಿಕೆ ಹರಿಯುವುದು, ಒಣಗಿದ ಬಟ್ಟೆಯ ರಾಶಿಯಲ್ಲಿ ಅಪ್ಪನ ಅಂಗಿ ಹುಡುಕುವುದು, ಎಲ್ಲವೂ ಆಟವೇ. ಕೈ ಕೆಲಸದಲ್ಲಿದ್ದಾಗ ನಿಮ್ಮ ಬಾಯಿ ಸುಮ್ಮನಿರಬಾರದು. 'ಇದು ದೊಡ್ಡ ಈರುಳ್ಳಿ, ಹಿಟ್ಟು ಮೆತ್ತಗಿದೆ' ಎನ್ನುತ್ತಿರಿ. ಮಾತು ಕಲಿಯುವ ಈ ತಿಂಗಳುಗಳಲ್ಲಿ ನಿಮ್ಮ ದನಿ ಮಾಡುವ ಕೆಲಸವನ್ನು ಯಾವ ವಿಡಿಯೋವೂ ಮಾಡಲಾರದು.

ನೀರಾಟ ಎಲ್ಲ ಮಕ್ಕಳಿಗೂ ಪ್ರಾಣ. ಅಗಲ ತಟ್ಟೆಯಲ್ಲಿ ಸ್ವಲ್ಪ ನೀರು, ಎರಡು ಲೋಟ ಸಾಕು. ಆದರೆ ನೀವು ಎದುರಿಗೇ ಕೂತಿರಬೇಕು. ಬಚ್ಚಲಲ್ಲಿ ಬಕೆಟ್ ತುಂಬಿಸಿಡಬೇಡಿ. ಈ ವಯಸ್ಸಿನಲ್ಲಿ ತಲೆಯ ಭಾರ ಹೆಚ್ಚು. ಬಗ್ಗಿ ಮುಗ್ಗರಿಸಿದರೆ ಮಗು ಮೇಲೇಳಲಾರದು, ಗೇಣುದ್ದ ನೀರೂ ಜೀವ ತೆಗೆಯಬಹುದು. ಬಿಸಿನೀರಿನ ಹಂಡೆಯಿಂದಲೂ ದೂರವಿಡಿ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಚೆನ್ನೆಮಣೆ, ಚೌಕಾಬಾರ ಹೊರಬರುತ್ತವೆ. ಅವುಗಳ ಹುಣಸೆಬೀಜ, ಕವಡೆ, ಮಂಜೊಟ್ಟಿ ಮಗುವಿನ ಕೈಗೆ ಸಿಗಬಾರದು. ಗುಲಗಂಜಿಯಂತೂ ಅಗಿದರೆ ವಿಷ. ಶೇಂಗಾ, ಕಡಲೆಕಾಳು ಉಸಿರುನಾಳಕ್ಕೆ ಹೋಗಿ ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮೂರು ವರ್ಷದೊಳಗಿನವರೇ. ರಿಮೋಟ್‌ನ ಬಿಲ್ಲೆ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ನುಂಗಿರಬಹುದೆಂಬ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಓಡಿ.

ಮೊಬೈಲ್ ವಿಷಯದಲ್ಲಿ ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ ಸ್ಪಷ್ಟ: ಎರಡು ವರ್ಷದೊಳಗೆ ಬೇಡ. ದೂರದ ಅಜ್ಜ–ಅಜ್ಜಿಯ ಜೊತೆ ವಿಡಿಯೋ ಕರೆ ಮಾಡಬಹುದು. ಬಿಡಿಸುವುದನ್ನು ಊಟದಿಂದಲೇ ಶುರುಮಾಡಿ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಎಲ್ಲರ ಜೊತೆ ಕೂರಿಸಿ, ಮೆತ್ತಗಿನ ಅನ್ನವನ್ನು ಅವನ ಕೈಗೇ ಕೊಡಿ. ಮೊದಲ ಕೆಲವು ದಿನ ಅಳುತ್ತಾನೆ, ಕಡಿಮೆ ತಿನ್ನುತ್ತಾನೆ. ಆರೋಗ್ಯವಾಗಿರುವ ಮಗುವಿಗೆ ಅದರಿಂದ ಅಪಾಯವಿಲ್ಲ. ಮನೆಯ ಹಿರಿಯರಿಗೂ ಇದನ್ನು ಮುಂಚೆಯೇ ಹೇಳಿಡಿ. ಅತ್ತ ಕೂಡಲೇ ಮತ್ತೊಬ್ಬರು ಮೊಬೈಲ್ ಕೊಟ್ಟರೆ ನಿಮ್ಮ ಶ್ರಮವೆಲ್ಲ ವ್ಯರ್ಥ.

ಹೆಸರು ಕರೆದರೆ ತಿರುಗಿ ನೋಡುತ್ತಾನೆಯೇ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ, ಒಂದೆರಡಾದರೂ ಮಾತು ಬಂದಿದೆಯೇ ಎಂದು ನೀವು ಬರೆದಿಲ್ಲ. ಇದರಲ್ಲಿ ಯಾವುದಾದರೂ ಒಂದು ಇಲ್ಲದಿದ್ದರೂ ಎರಡು ವರ್ಷ ತುಂಬಲಿ ಎಂದು ಕಾಯದೆ ಮಕ್ಕಳ ತಜ್ಞರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ.